ಹನ್ನೆರಡನೆಯ ಮಂಗ

ಖಾನಾಪುರದ ಕಾಡಂಚಿನ ವಾಡಿಯಲ್ಲಿ ಹನ್ನೊಂದು ಮಂಗಗಳು ಮೂಗು ಬಾಯಿಂದ ರಕ್ತ ಸುರಿಸಿ ಸತ್ತಿದ್ದವು. ಮಂಗನ ಜ್ವರ ಎಂದು ಸುದ್ದಿ ಹಬ್ಬಿತು. ಪ್ರಯೋಗಾಲಯವೂ ಹಾಗೆಂದರೆ ವಾಡಿಯ ನಲವತ್ತು ಮನೆಗಳನ್ನು ಎಬ್ಬಿಸುವ ಆದೇಶ ತಯಾರಾಗಿತ್ತು. ಪಕ್ಕದ ಗೇರುತೋಟದಲ್ಲಿ ರೆಸಾರ್ಟ್ ಕಟ್ಟುತ್ತಿದ್ದ ಬಸಲಿಂಗಪ್ಪನಿಗೆ ಆ ಜಾಗ ಬೇಕಿತ್ತು.

ಹನ್ನೆರಡನೆಯದನ್ನು ಜೀವಂತವಾಗಿ ಗೋಣಿಚೀಲದಲ್ಲಿ ಹೊತ್ತು ಬೆಳಗಾವಿಯ ಕ್ಯಾಂಪ್ ಬಡಾವಣೆಯ ಪಶುರೋಗ ಪ್ರಯೋಗಾಲಯಕ್ಕೆ ತಂದವಳು ವಾಡಿಯ ಸಾವಂತ್ರವ್ವ. ಪಶುವೈದ್ಯೆ ದೀಪಾಲಿ ಅದರ ತೊಡೆಯಿಂದ ರಕ್ತ ಎಳೆದು ಗಾಜಿನ ನಳಿಕೆಗೆ ಹಾಕಿದಳು. ಹತ್ತು ನಿಮಿಷಕ್ಕೆ ಗಟ್ಟಿಯಾಗಬೇಕಿದ್ದ ರಕ್ತ ತಾಸಾದರೂ ನೀರಿನಂತೆ ತುಳುಕುತ್ತಿತ್ತು.

“ಜ್ವರ ಏನ್ರಿ ಬಾಯಾರ?”

“ಇಲಿ ಪಾಷಾಣ ಅನಸ್ತದ. ಕೆ ಜೀವಸತ್ವದ ಇಂಜೆಕ್ಷನ್ ಕೊಡ್ತೀನಿ. ನಾಳಿ ರಕ್ತ ಹೆಪ್ಪುಗಟ್ಟಿದ್ರ ವಿಷಾನ. ಜ್ವರಕ್ಕ ಈ ಸೂಜಿ ನಾಟಂಗಿಲ್ಲ.”

“ಆ ಬಸಲಿಂಗಪ್ಪ ತೋಟದಾಗ ಮಂಗ್ಯಾಗೋಳಿಗೆ ಬಾಳಿಹಣ್ಣಿನ ಗೊನಿ ಕಟ್ಟಿಸಿದ್ದ. ಎಂದೂ ಒಂದ ಹಣ್ಣ ಕೊಡದಾಂವ.” ಸಾವಂತ್ರವ್ವ ಪಂಜರದ ಮುಂದೆ ಕೂತು ಬಟ್ಟಲು ಒಡ್ಡಿದಳು. “ಕುಡಿಯೋ ಭಾಡ್ಯಾ. ನಿನ್ನ ಬೆನ್ನಿಗೆ ನಲವತ್ತ ಮನಿ ಅದಾವು.”

ಮಂಗ ಕುಡಿಯಿತು. ಬೆಳಗಿನವರೆಗೆ ಉಳಿಯಿತು.

ಹತ್ತು ಗಂಟೆಗೆ ದೀಪಾಲಿ ಸಿರಿಂಜು ಬಿಚ್ಚುವಷ್ಟರಲ್ಲಿ ಬಸಲಿಂಗಪ್ಪ ಬಂದ. ಹಿಂದೆ ಕಬ್ಬಿಣದ ಸಲಾಕೆ ಹಿಡಿದ ಇಬ್ಬರು.

“ಬೂಟ್ ಬಿಚ್ಚಿ ಬರ್ರಿ ಸಾವಕಾರ್ರ,” ಎಂದ ಬಾಗಿಲಲ್ಲಿದ್ದ ಜವಾನ ನಾಗಲಿಂಗ. ಸಲಾಕೆ ಅವನ ಹಣೆ ಸೀಳಿತು. ಗೋಡೆಗೆ ಒರಗಿ ಜಾರಿ ಕೂತ.

“ಜಡ್ಡಿನ ಪ್ರಾಣಿ ಊರಾಗ ಇಟ್ಟೀರಿ ಡಾಕ್ಟರ್ರ. ಜನರ ಜೀವ ನೋಡಬಾರದೇನ್ರಿ?”

ದೀಪಾಲಿ ಪಂಜರಕ್ಕೆ ಅಡ್ಡ ನಿಂತಳು. ಎರಡನೆಯ ಏಟಿಗೆ ಅವಳ ಬಲಗೈ ಮಣಿಕಟ್ಟು ಮುರಿಯಿತು. ಸಾವಂತ್ರವ್ವ ಒಬ್ಬನ ತೋಳಿಗೆ ಹಲ್ಲು ಊರಿದಳು. ಅವನು ಅವಳ ಹೊಟ್ಟೆಗೆ ಒದ್ದು ಬಿಡಿಸಿಕೊಂಡ. ಸರಳುಗಳ ನಡುವೆ ಸಲಾಕೆ ತೂರಿತು. ಮಂಗ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು, ಮಕ್ಕಳು ಹಿಡಿಯುವ ಹಾಗೆ. ಅವರು ಕಿತ್ತುಕೊಂಡು ಚುಚ್ಚಿದರು. ಮತ್ತೆ ಚುಚ್ಚಿದರು. ಆರನೆಯದಕ್ಕೆ ಅದರ ಕೈಗಳು ಜೋತುಬಿದ್ದವು.

“ಈಗ ಮಾಡ್ರಿ ಟೆಸ್ಟು,” ಎಂದ ಬಸಲಿಂಗಪ್ಪ. ನಿನ್ನೆಯ ನಳಿಕೆಗಳನ್ನೂ ಒಡೆಯಲು ಮೂವರೂ ಒಳಕೋಣೆಗೆ ನುಗ್ಗಿದರು. ತೋಳು ಕಚ್ಚಿಸಿಕೊಂಡವನು ಸಲಾಕೆಯನ್ನು ಹೊರಗೇ ಎಸೆದಿದ್ದ. ಸಾವಂತ್ರವ್ವ ತೆವಳಿಕೊಂಡು ಹೋಗಿ ಕಬ್ಬಿಣದ ಬಾಗಿಲಿಗೆ ಹೊರಗಿನಿಂದ ಅಗಳಿ ಜಡಿದಳು.

ಪಂಜರದಡಿಯಿಂದ ರಕ್ತ ಬಿಳಿ ಫರಸಿ ನೆಲದ ಮೇಲೆ ಹರಿದು ಬಂತು. ದೀಪಾಲಿ ಎಡಗೈಯಲ್ಲಿ ಫೋನು ಹಿಡಿದು ರಕ್ತವೂ ಗೋಡೆ ಗಡಿಯಾರವೂ ಕಾಣುವಂತೆ ಚಿತ್ರೀಕರಿಸತೊಡಗಿದಳು. ಒಳಗಿನವರು ಬಾಗಿಲು ಗುದ್ದುತ್ತಿದ್ದರು.

“ಎಷ್ಟಾತೋ ನಾಗಲಿಂಗ?”

“ಒಂಬತ್ತ ನಿಮಿಷ ಮೇಡಮ್.” ಅವನ ಕಣ್ಣಿಗೂ ರಕ್ತ ಇಳಿಯುತ್ತಿತ್ತು.

ದೀಪಾಲಿ ಫೋನನ್ನು ಸ್ಟೂಲಿಗೆ ಆನಿಸಿಟ್ಟು ಗಾಜಿನ ಕಡ್ಡಿಯಿಂದ ರಕ್ತದ ಅಂಚನ್ನು ಎತ್ತಿದಳು. ಹರಿಯಲಿಲ್ಲ. ಪಿತ್ತಜನಕಾಂಗದ ತುಂಡಿನಂತೆ ನಡುಗುತ್ತ ಒಟ್ಟಾಗಿ ಎದ್ದಿತು. ಅದನ್ನು ಡಬ್ಬಿಗೆ ಹಾಕಿ, ವರದಿಯ ಹಾಳೆ ಎಳೆದುಕೊಂಡು, ಎಡಗೈಯ ಸೊಟ್ಟ ಅಕ್ಷರದಲ್ಲಿ ಬರೆದಳು: ಜ್ವರವಲ್ಲ, ವಿಷ. ಹಾಳೆಯ ಫೋಟೊ ಮತ್ತು ವಿಡಿಯೊ ಎರಡನ್ನೂ ಮೇಲಧಿಕಾರಿಗೂ ಪೊಲೀಸರಿಗೂ ಕಳಿಸಿದಳು.

ಸಾವಂತ್ರವ್ವ ಸಲಾಕೆ ಎತ್ತಿಕೊಂಡು ಅಗಳಿಯ ಮೇಲೆ ಕೈ ಇಟ್ಟಿದ್ದಳು.

“ಈಗ ತೆಗೀಲೇನ್ರಿ ಬಾಯಾರ?”

ದೀಪಾಲಿ ಬೇಡ ಎನ್ನಲಿಲ್ಲ.