ಮೂರು ಸೆಕೆಂಡಿನ ಮೌನ

ನನ್ನನ್ನು ನೀವು ನೋಡಿದ್ದೀರಿ. ಯೋಗಾನಂದ ಎಂದರೆ ಗೊತ್ತಾಗಲಿಕ್ಕಿಲ್ಲ, ಮುಖ ಕಂಡರೆ ಮಾತ್ರ ‘ಅಯ್ಯೋ, ಇವರಾ!’ ಅನ್ನುತ್ತೀರಿ. ಮೂವತ್ತೊಂದು ವರ್ಷದಿಂದ ಸಿನಿಮಾ, ಸೀರಿಯಲ್‌ಗಳಲ್ಲಿ ಇನ್‌ಸ್ಪೆಕ್ಟರ್, ಡಾಕ್ಟರ್, ಜಡ್ಜ್, ನಾಯಕಿಯ ದೊಡ್ಡಪ್ಪ ಎಲ್ಲಾ ಆಗಿದ್ದೇನೆ. ಮಾರೇನಹಳ್ಳಿಯ ನಮ್ಮ ರಸ್ತೆಗೆ ಸೊಪ್ಪು ತರುವ ಲಿಂಗಮ್ಮ ಇವತ್ತಿಗೂ ತನ್ನ ಬಿಪಿಗೆ ಏನು ಮಾಡಬೇಕೆಂದು ನನ್ನನ್ನೇ ಕೇಳುತ್ತಾಳೆ. ನಾನೂ ಗತ್ತು ಬಿಡದೆ, ಉಪ್ಪು ಕಡಿಮೆ ಮಾಡಮ್ಮ ಎನ್ನುತ್ತೇನೆ.

ನನ್ನ ಹೆಸರಿಗೆಲ್ಲ ಕಾರಣ ನನ್ನ ಮೌನ. ಯಾವ ಮಾತೇ ಆಗಲಿ, ಆಡುವ ಮುಂಚೆ ಮೂರು ಸೆಕೆಂಡ್ ಸುಮ್ಮನಿರುತ್ತೇನೆ. ‘ಯೋಗಾನಂದರ ನಟನೆ ಇರುವುದೇ ಆ ಮೌನದಲ್ಲಿ’ ಎಂದು ಒಮ್ಮೆ ಪತ್ರಿಕೆಯಲ್ಲಿ ಬಂದಿತ್ತು. ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದೇನೆ. ಬಂದವರು ನೋಡದಿದ್ದರೆ ನಾನೇ ತೋರಿಸುತ್ತೇನೆ.

ಆ ಮೌನವನ್ನು ನೋಡಿಯೇ ಸ್ಪಂದನ ಎಂಬ ಹೊಸ ನಿರ್ದೇಶಕಿ ತನ್ನ ಸಿನಿಮಾದ ತಂದೆಯ ಪಾತ್ರಕ್ಕೆ ನನ್ನನ್ನು ಕರೆದಳು. ಮೂಲೆಯಲ್ಲಿ ಕೂತು ಪೇಪರ್ ಓದುವ ತಂದೆಯಲ್ಲ, ಇಡೀ ಕಥೆಯೇ ಅವನದು. ಅರವತ್ತೆರಡನೇ ವಯಸ್ಸಿನಲ್ಲಿ, ಮೊದಲ ಸಲ.

ಒಂದೇ ತೊಡಕು. ಸೀರಿಯಲ್‌ನಲ್ಲಿ ನಾವು ಮಾತು ಬಾಯಿಪಾಠ ಮಾಡುವುದಿಲ್ಲ. ಕ್ಯಾಮೆರಾ ಪಕ್ಕದಲ್ಲಿ ನಿಂತು ಒಬ್ಬರು ಒಂದೊಂದೇ ಸಾಲನ್ನು ಗಟ್ಟಿಯಾಗಿ ಹೇಳಿಕೊಡುತ್ತಾರೆ, ನಾವು ಅದನ್ನೇ ಹೇಳುತ್ತೇವೆ. ದನಿಯನ್ನು ಆಮೇಲೆ ಡಬ್ಬಿಂಗ್‌ನಲ್ಲಿ ಸೇರಿಸುತ್ತಾರೆ. ಹನ್ನೊಂದು ವರ್ಷದಿಂದ ನನಗೆ ಹಾಗೆ ಹೇಳಿಕೊಡುತ್ತಿರುವವಳು ಬಾಗಲಕೋಟೆ ಕಡೆಯ ಜಯದೇವಿ. ಸ್ಪಂದನಳ ಸೆಟ್‌ನಲ್ಲಿ ಮಾತು ಅಲ್ಲೇ ರೆಕಾರ್ಡ್ ಆಗುತ್ತದೆ, ಬೇರೆ ಯಾರೂ ಪಿಟಿಕ್ಕೆನ್ನುವಂತಿಲ್ಲ. ಅದಕ್ಕೇನಂತೆ ಎಂದುಕೊಂಡು ಹದಿನೈದು ದಿನ ಹೆಂಡತಿಯ ತಲೆ ತಿಂದು ಇಡೀ ಪಾತ್ರವನ್ನು ಬಾಯಿಪಾಠ ಮಾಡಿದೆ.

ಶೂಟಿಂಗ್ ನಾಯಂಡಹಳ್ಳಿಯ ಒಂದು ಗೋಡೌನ್‌ನಲ್ಲಿ. ಮೆಟ್ರೋ ಹೋದಾಗಲೆಲ್ಲ ಕೆಲಸ ನಿಲ್ಲುತ್ತಿತ್ತು. ದೃಶ್ಯ ಇಷ್ಟೇ: ಕಳ್ಳತನದ ಆರೋಪ ಹೊತ್ತ ಮಗಳು, ‘ಅಪ್ಪಾ, ನೀನೂ ಅವರ ಮಾತು ನಂಬಿದ್ಯಾ?’ ಎನ್ನುತ್ತಾಳೆ. ನಾನು, ‘ನಂಬಿದ್ದೆ ಮಗಳೇ’ ಎನ್ನಬೇಕು. ಅಂದೆ. ಅಕ್ಷರ ಆಚೀಚೆ ಆಗದಂತೆ ಅಂದೆ. ಆರು ಟೇಕ್ ಆದರೂ ಸ್ಪಂದನಳ ಮುಖ ಅರಳಲಿಲ್ಲ.

“ಸಾರ್, ಎಲ್ಲಾ ಕರೆಕ್ಟಾಗಿದೆ. ಆದ್ರೆ ನಿಮ್ಮ ಆ ಗ್ಯಾಪ್ ಎಲ್ಲಿ ಹೋಯ್ತು?”

ಏಳನೇ ಟೇಕ್‌ನಲ್ಲಿ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸಿ ಮಾತಾಡಿದೆ.

“ಸಾರ್, ನೀವು ಎಣಿಸ್ತಾ ಇರೋದು ಕಾಣಿಸ್ತಿದೆ,” ಎಂದಳು. ಪ್ಯಾಕಪ್ ಆದ ಮೇಲೆ ಪಕ್ಕಕ್ಕೆ ಕರೆದು, “ನಾಳೆ ಬೆಳಿಗ್ಗೆ ಇನ್ನೊಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಬೇರೆಯವ್ರನ್ನ ಹಾಕ್ಕೋಬೇಕಾಗತ್ತೆ. ಬೇಜಾರ್ ಮಾಡ್ಕೋಬೇಡಿ ಸಾರ್,” ಎಂದಳು.

ಬೇಜಾರಾಗದೆ ಇರುತ್ತದೆಯೇ? ಆಟೋ ಹತ್ತಿ ಕೂತವನಿಗೆ ನಿಜ ಹೊಳೆಯಿತು. ಆ ಮೂರು ಸೆಕೆಂಡ್ ನಟನೆಯೂ ಅಲ್ಲ, ಮಣ್ಣೂ ಅಲ್ಲ. ಜಯದೇವಿ ಮುಂದಿನ ಸಾಲು ಹೇಳಲಿ ಎಂದು ನಾನು ಕಾಯುತ್ತಿದ್ದ ಹೊತ್ತು ಅದು. ಪತ್ರಿಕೆಗೆ ಫ್ರೇಮ್ ಹಾಕಿಸಿದವನ ಮುಖಕ್ಕೆ ಯಾರೋ ಹೊಡೆದಂತಾಯಿತು. ಆಟೋದವನಿಗೆ ಮಾರೇನಹಳ್ಳಿ ಬೇಡ, ನಾಗರಬಾವಿಗೆ ಬಿಡಪ್ಪ ಎಂದೆ.

ಅಲ್ಲಿನ ಬಾಡಿಗೆ ಬಂಗಲೆಯಲ್ಲಿ ನಮ್ಮ ಸೀರಿಯಲ್ ಶೂಟಿಂಗ್ ನಡೆಯುತ್ತದೆ. ಸಂಜೆಯ ಟೀ ವಿರಾಮ, ಜಯದೇವಿ ಮೆಟ್ಟಿಲ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿ, “ನೀನು ತಡವಾಗಿ ಹೇಳ್ತಿದ್ದೆ, ನಾನು ದೊಡ್ಡ ನಟ ಅಂತ ಮೆರೀತಿದ್ದೆ ನೋಡಮ್ಮ,” ಎಂದೆ.

ಅವಳು ನಗಲಿಲ್ಲ. “ತಡಾ ಆಗ್ತಿರ್ಲಿಲ್ರಿ ಸರ್. ನಾನ ಬೇಕಂತ ತಡಾ ಮಾಡ್ತಿದ್ದೆ.”

“ಏನು?”

“ಮಾತು ಸಿಗೂದ್ರೊಳಗ ನಿಮ್ಮ ಮಾರಿ ಮ್ಯಾಲ ಒಂದು ಅಂಜಿಕಿ ಬರ್ತದ. ಮುಂದೇನು ಹೇಳ್ಲಿ ಅನ್ನೂ ಅಂಜಿಕಿ. ಅದು ಭಾಳ ಛಲೋ ಕಾಣ್ತದ್ರಿ. ಮೊದಲ್ನೇ ದಿನಾನ ನೋಡಿದ್ದೆ. ಅದಕ್ಕ ನಿಮಗಷ್ಟ ನಿಲ್ಲಿಸಿ ಹೇಳ್ತೀನಿ, ಬ್ಯಾರೆ ಯಾರಿಗೂ ಹಂಗ ಮಾಡಂಗಿಲ್ಲ.”

ಹನ್ನೊಂದು ವರ್ಷ ಈ ಹುಡುಗಿ ಕ್ಯಾಮೆರಾದ ಹಿಂದೆ ನಿಂತು ನನ್ನನ್ನು ನಟನನ್ನಾಗಿ ಮಾಡಿದ್ದಳು. ನಾನು ಒಂದು ದಿನವೂ ಅವಳಿಗೆ ಊಟ ಆಯ್ತಾ ಎಂದು ಕೇಳಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಪ್ರೀತಿ ಬಂತು.

“ನಾಳೆ ಏನು ಮಾಡ್ಲಿ?”

“ಬಾಯಿಪಾಠ ಮಾಡಿದ್ದು ಬಿಡ್ರಿ. ಆ ಹುಡುಗಿ ಕೇಳೂದನ್ನ ಮೊದಲ್ನೇ ಸಲ ಕೇಳ್ದಂಗ ಕೇಳ್ರಿ. ಉತ್ತರ ನಿಮಗ ಗೊತ್ತಿಲ್ಲ. ನಾ ಹೇಳೂತನಕ ಬಾಯಿ ತೆರೀಬ್ಯಾಡ್ರಿ.”

“ನೀನು ಅಲ್ಲಿ ಇರಲ್ಲವಲ್ಲಮ್ಮ.”

“ಇರ್ತೀನ್ರಿ. ಹನ್ನೊಂದು ವರ್ಷದ ದನಿ, ಎಲ್ಲಿಗೆ ಹೋಗ್ತದ?”

ಮರುದಿನ ಬೆಳಿಗ್ಗೆ ಮೆಟ್ರೋ ಹಾದುಹೋಗಿ ಗೋಡೌನ್‌ನಲ್ಲಿ ಸದ್ದಡಗಿತು. ಮಗಳು ಕೇಳಿದಳು. ನಾನು ಅವಳ ಮುಖ ನೋಡಿದೆ. ಏನು ಹೇಳಬೇಕೋ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಆ ಹಳೆಯ ಅಂಜಿಕೆ ಬಂತು. ಕಾದೆ. ಕ್ಯಾಮೆರಾದ ಪಕ್ಕದ ಖಾಲಿ ಜಾಗದಿಂದ ಬಾಗಲಕೋಟೆಯ ದನಿಯೊಂದು ನನಗೊಬ್ಬನಿಗೇ ಕೇಳಿಸಿತು.

“ನಂಬಿದ್ದೆ ಮಗಳೇ,” ಎಂದೆ.

ಕಟ್ ಹೇಳುವುದನ್ನು ಸ್ಪಂದನ ಮರೆತಳು. ಆಮೇಲೆ ಕಣ್ಣೊರೆಸಿಕೊಂಡು, ಪ್ರಚಾರದ ವಿಡಿಯೋಗೆಂದು ಮೊಬೈಲ್ ಹಿಡಿದು ಕೇಳಿದಳು: “ಸಾರ್, ಈ ಗ್ಯಾಪ್ ಯಾರ ಹತ್ರ ಕಲಿತ್ರಿ?”

ಇಂಥ ಪ್ರಶ್ನೆಗೆ ‘ಎಲ್ಲಾ ರಂಗಭೂಮಿಯ ಭಿಕ್ಷೆ’ ಎಂಬ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ. ಅದನ್ನು ನುಂಗಿಕೊಂಡು, ಬೇರೆಯದನ್ನು ಹೇಳಿದೆ.

ಹೊರಗೆ ಬಂದು ಜಯದೇವಿಗೆ ಫೋನ್ ಮಾಡಿದೆ. “ಓಕೆ ಆಯ್ತಮ್ಮ. ಪಾತ್ರ ಉಳೀತು. ಯಾರ ಹತ್ರ ಕಲಿತ್ರಿ ಅಂತ ಕ್ಯಾಮೆರಾ ಮುಂದೆ ಕೇಳಿದ್ರು. ನಿನ್ನ ಹೆಸರು ಹೇಳಿದೆ.”

ಆ ಕಡೆಯಿಂದ ಮಾತಿಲ್ಲ. ಮೂರು ಸೆಕೆಂಡ್ ಆಯಿತು, ನಾಲ್ಕಾಯಿತು. ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ಮುಂದಿನ ಮಾತು ಅವಳಿಗೆ ಸಿಗುವ ತನಕ ನಾನು ಫೋನ್ ಹಿಡಿದು ನಿಂತೇ ಇದ್ದೆ.