ಅನಘಾಳ ನಾಮಕರಣದ ಕ್ಯಾಸೆಟ್

ಎಂಟು ವರ್ಷದ ಅನಘಾ ಬಲಗೈಯಲ್ಲಿ ಉಣ್ಣುತ್ತ ಎಡಗೈಯಲ್ಲಿ ಬಾಯಿ ಮರೆಮಾಡಿಕೊಳ್ಳಲು ಶುರುಮಾಡಿದ್ದಳು. ಶಾಲೆಯಲ್ಲಂತೂ ಮಾತೇ ಬಿಟ್ಟಿದ್ದಳು. ಹುಟ್ಟುವಾಗ ಅವಳಿಗೆ ಸೀಳುತುಟಿ, ಸೀಳು ಅಂಗುಳ ಎರಡೂ ಇದ್ದವು. ಅಮೆರಿಕದ ಡಾಲಸ್‌ನ ಡಾಕ್ಟರುಗಳು ಎರಡನ್ನೂ ಸರಿಪಡಿಸಿ ವರ್ಷಗಳೇ ಆಗಿದ್ದವು. ಮೂಗಿನ ಕೆಳಗೆ ಒಂದು ಸಣ್ಣ ಗೆರೆ ಉಳಿದಿದೆ, ಅಷ್ಟೇ ಎಂದು ಅವಳ ತಾಯಿ ತುಂಗಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಬೇಸಿಗೆ ರಜೆಯಲ್ಲಿ ಒಸಡಿನ ಮೂಳೆಗೆ ಇನ್ನೊಂದು ಆಪರೇಶನ್ ಆಗಬೇಕಿತ್ತು. ಅನಘಾ ಸುತಾರಾಂ ಒಲ್ಲೆನೆಂದಳು. ಮೊದಲು ನಮ್ಮ ಕೌನ್ಸೆಲರ್ ಹತ್ತಿರ ಮಾತಾಡಿಸಿ ಎಂದರು ಆಸ್ಪತ್ರೆಯವರು. ಅಪ್ಪ ರಘೂತ್ತಮನಿಗೆ ರೇಗಿತು. ಪ್ಲೇನೋದ ಆಫೀಸಿನಲ್ಲಿ ದಿನವಿಡೀ ಸಾಫ್ಟ್‌ವೇರ್ ದೋಷ ಹುಡುಕುವ ಮನುಷ್ಯ, ಮಗಳ ಕಾಣದ ನೋವನ್ನು ಮಾತ್ರ ನಂಬಲೊಲ್ಲ.

ಅವರ ಮನೆಯಿದ್ದ ಅಲೆನ್ ಊರಿನಲ್ಲೇ ಇರುವ ಗೆಳತಿ ನಿರುಪಮಾ ಶಾಲೆಯೊಂದರಲ್ಲಿ ಮಕ್ಕಳ ಮಾತು ತಿದ್ದುವ ಸ್ಪೀಚ್ ಥೆರಪಿಸ್ಟ್. ಭಾನುವಾರ ಕಾಫಿಗೆ ಬಂದವಳ ಮುಂದೆ ಅವನು ಗೊಣಗಿದ.

"ಆಪರೇಶನ್ ಚೆನ್ನಾಗೇ ಆಗಿದೆಯಲ್ಲ ನಿರುಪಮಾ. ಕೌನ್ಸೆಲಿಂಗ್ ಯಾಕೆ? ಅವಳಿಗೇನು ತಲೆ ಕೆಟ್ಟಿದೆಯಾ?"

"ತಲೆ ಕೆಟ್ಟೋರಿಗೆ ಮಾತ್ರ ಅಲ್ಲ ರಘು ಅದು. ತನ್ನ ಮುಖದ ಬಗ್ಗೆ ಮಗು ಏನಂದ್ಕೊಂಡಿದೆ ಅಂತ ನೀವು ಯಾವತ್ತಾದ್ರೂ ಕೇಳಿದ್ದೀರಾ?"

ಮಹಡಿ ಮೆಟ್ಟಿಲ ಮೇಲಿದ್ದ ಅನಘಾಗೆ ಇದೆಲ್ಲ ಕೇಳಿಸಿತ್ತು. ಇಳಿದುಬಂದು ತನ್ನ ನಾಮಕರಣದ ವಿಡಿಯೋ ಕ್ಯಾಸೆಟ್ ಹಾಕಿದಳು. ಮೈಸೂರಿನ ಮನೆಯವರಿಗೆ ಕಳಿಸಲೆಂದು ತೆಗೆಸಿದ್ದು. ತೊಟ್ಟಿಲು ಕಂಡಿತು, ಬೆಳ್ಳಿ ಕಾಲ್ಗೆಜ್ಜೆ ಕಂಡಿತು, ಬಗ್ಗಿ ಕಿವಿಯಲ್ಲಿ ಹೆಸರು ಹೇಳುವ ಅಪ್ಪನ ಬೆನ್ನು ಕಂಡಿತು. ಕ್ಯಾಮೆರಾ ಹತ್ತಿರ ಬಂದಾಗಲೆಲ್ಲ ತುಂಗಾಳ ಕೈ ಸೆರಗನ್ನು ಮಗುವಿನ ಮುಖದ ಮೇಲೆ ಎಳೆಯುತ್ತಿತ್ತು. ಊರಿನವರಿಗೆ ಆಪರೇಶನ್ ಆದಮೇಲೆ ಮುಖ ತೋರಿಸಿದರಾಯಿತು ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಆಪರೇಶನ್‌ಗೆ ಮೊದಲಿನ ಒಂದು ಫೋಟೋ ಕೂಡ ಅವರು ತೆಗೆದಿರಲಿಲ್ಲ.

"ಅಮ್ಮಾ, ವೈ ಡಿಡ್ ಯು ಕವರ್ ಮೈ ಫೇಸ್?"

ಟೀವಿ ಆರಿಸಲು ಎದ್ದ ರಘೂತ್ತಮ ಆರಿಸದೆ ಮತ್ತೆ ಕೂತ. ಮರುದಿನ ಅವನೇ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡ.

ಕೌನ್ಸೆಲರ್ ಮೊದಲು ಮಾತಾಡಿಸಿದ್ದು ಮಗುವನ್ನಲ್ಲ, ತಾಯಿಯನ್ನು. ಬಸುರಿಯಾಗಿದ್ದಾಗ ಗ್ರಹಣದಲ್ಲಿ ಹೊರಗೆ ಓಡಾಡಿದ್ದಕ್ಕೇ ಹೀಗಾಯಿತೇನೋ ಎಂದು ತುಂಗಾ ಇಷ್ಟು ವರ್ಷ ಒಳಗೊಳಗೇ ಬೆಂದಿದ್ದಳು. ಹಾಗೇನೂ ಇಲ್ಲ, ಇದು ನಿಮ್ಮಿಂದ ಆದದ್ದಲ್ಲ ಎಂದು ಆಕೆ ಬಿಡಿಸಿ ಹೇಳಿದಾಗ ತುಂಗಾ ಮನಸಾರೆ ಅತ್ತಳು. ಆಮೇಲೆ ಮಗಳ ಕಡೆ ತಿರುಗಿದಳು.

"ನಾಲ್ಕು ಜನ ಏನಂತಾರೋ ಅಂತ ಹೆದರಿಬಿಟ್ಟೆ ಪುಟ್ಟಿ. ತಪ್ಪು ನಂದು, ನಿನ್ನ ಮುಖದ್ದಲ್ಲ. ಪಾಪು ಇದ್ದಾಗ ನೀನು ನಕ್ಕರೆ ಈ ಕೆನ್ನೆಯಿಂದ ಆ ಕೆನ್ನೆವರೆಗೂ ತುಟಿ ಅರಳ್ತಿತ್ತು. ಆ ನಗು ಇನ್ನು ನೋಡೋಕೆ ಸಿಗಲ್ಲ ಅಂತ ಮೊದಲ್ನೇ ಆಪರೇಶನ್ ದಿನ ಅತ್ತಿದ್ದೆ. ಯಾರಿಗೂ ಹೇಳಲಿಲ್ಲ."

ತೋರಿಸು ಎಂದಳು ಅನಘಾ. ತೋರಿಸಲು ತುಂಗಾಳ ಹತ್ತಿರ ಒಂದು ಫೋಟೋವೂ ಇರಲಿಲ್ಲ. ಮಗಳ ಎಡಗೈಯನ್ನು ಮೆಲ್ಲಗೆ ಬಾಯಿಂದ ಸರಿಸಿ, ಆ ಗೆರೆಯ ಮೇಲೆ ಬೆರಳಿಟ್ಟು, ಆ ನಗು ಹೇಗಿತ್ತೆಂದು ಮಾತಿನಲ್ಲೇ ಹೇಳತೊಡಗಿದಳು.

ಒಸಡಿನ ಆಪರೇಶನ್, ಅನಘಾ ಒಪ್ಪಿದ ಮೇಲೆ, ಒಂದು ವರ್ಷ ತಡವಾಗಿ ಆಯಿತು. ಮೂವರೂ ಕೌನ್ಸೆಲರ್ ಹತ್ತಿರ ಹೋಗುವುದನ್ನು ಬಿಡಲಿಲ್ಲ. ಶಾಲೆಯಲ್ಲಿ ಅನಘಾ ಮತ್ತೆ ಮಾತಾಡಲು ತಿಂಗಳುಗಳೇ ಹಿಡಿದವು.

ತಾಯಿತಂದೆಯರೇ, ಸೀಳುತುಟಿ ಯಾರ ಪಾಪವೂ ಅಲ್ಲ, ಗ್ರಹಣದ ಫಲವೂ ಅಲ್ಲ. ಆಪರೇಶನ್ ಜೊತೆಗೆ ಮಗುವಿಗೂ ನಿಮಗೂ ಮನಸ್ಸು ಬಿಚ್ಚಿ ಮಾತಾಡಲು ಒಬ್ಬರು ಬೇಕು. ಅಂಥವರು ಎಲ್ಲಿ ಸಿಗುತ್ತಾರೆಂದು ಮೊದಲ ದಿನವೇ ನಿಮ್ಮ ಡಾಕ್ಟರನ್ನು ಕೇಳಿ. ನಾಮಕರಣದ ದಿನ ಸೆರಗು ಸರಿಸಿ, ಮುಖ ಕಾಣುವಂತೆ ಒಂದು ಫೋಟೋ ತೆಗೆಯಿರಿ. ಮುಂದೊಂದು ದಿನ ಮಗು ಅದನ್ನು ಕೇಳುತ್ತದೆ.