ಕ್ಯಾನ್ಸಲ್ ಮಾಡಿಸಿದವರು ಯಾರು

ಮಹೆವಿಶಳಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಶಹಾಬಾದಿನ ಫರ್ಸಿ ಹಾಸುಗಲ್ಲಿನ ವ್ಯಾಪಾರಿ ಫಕೀರಸಾಬರ ವೆಬ್‌ಸೈಟಿನಲ್ಲಿ ನಿನ್ನೆ ಬಂದ ಆರ್ಡರುಗಳೆಲ್ಲ ತಾವಾಗಿಯೇ ಕ್ಯಾನ್ಸಲ್ ಆಗಿದ್ದವು. ವೆಬ್‌ಸೈಟು ಮಾಡಿಕೊಟ್ಟದ್ದು ಅವಳು ಕೆಲಸ ಮಾಡುವ ವಾಡಿಯ ಪುಟ್ಟ ಆಫೀಸು. ಮಾಲೀಕ ಕಲ್ಯಾಣಪ್ಪನವರು ಹಿಂದೆಮುಂದೆ ನೋಡದೆ ಎಲ್ಲರೆದುರು ಅವಳ ಮೇಲೆ ಗೂಬೆ ಕೂರಿಸಿದ್ದರು. ಆರ್ಡರ್ ರದ್ದು ಮಾಡುವ ಕೋಡಿನ ತುಣುಕನ್ನು, ಅಂದರೆ ಫಂಕ್ಷನ್ನನ್ನು, ಬರೆದವಳು ಅವಳು, ಆದ್ದರಿಂದ ತಪ್ಪೂ ಅವಳದೇ ಅಂತೆ. ಅಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಫಕೀರಸಾಬರಿಗೂ ಫೋನ್ ಮಾಡಿ, ಆ ಹುಡುಗಿಯನ್ನು ಇವತ್ತೇ ಕೆಲಸದಿಂದ ತೆಗೆಯುತ್ತೇನೆ ಎಂದು ಮಾತು ಕೊಟ್ಟುಬಿಟ್ಟಿದ್ದರು.

ಅಲ್ಲ, ಫಂಕ್ಷನ್ ತಾನಾಗಿ ಎದ್ದು ಕುಣಿಯುತ್ತದೆಯೇ? ಜಾವಾಸ್ಕ್ರಿಪ್ಟಿನಲ್ಲಿ ಬರೆದಿಟ್ಟ ಫಂಕ್ಷನ್ ಇನ್ನೊಂದು ಬಂದು ಕರೆಯುವವರೆಗೆ ತೆಪ್ಪಗೆ ಬಿದ್ದಿರುತ್ತದೆ. ಕರೆದದ್ದು ಯಾವುದು ಎಂದು ಕೇಳಬೇಕಿತ್ತು. ಆ ಮನುಷ್ಯನಿಗೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು?

ಹಲ್ಲು ಕಚ್ಚಿಕೊಂಡು ಕುಳಿತಳು. ಮೊದಲು ಫಂಕ್ಷನ್ನಿನ ‘ಕಾಲರ್’, ಅಂದರೆ ಅದನ್ನು ಕರೆದವರು, ಯಾರೆಂದು ಕಂಪ್ಯೂಟರನ್ನೇ ಕೇಳಿ ನೋಡಿದಳು. ಕೋಡು ಅಂಥ ಪ್ರಶ್ನೆಗೆ ಅವಕಾಶ ಕೊಡದ ‘ಸ್ಟ್ರಿಕ್ಟ್ ಮೋಡಿ’ನಲ್ಲಿದ್ದುದರಿಂದ ಎರರ್ ಬಂತು. ಸರಿ, ಅದರ ಹೊಟ್ಟೆಯೊಳಗೇ ‘ಕನ್ಸೋಲ್ ಟ್ರೇಸ್’ ಎಂಬ ಸಾಲು ಸೇರಿಸಿದಳು. ಫಂಕ್ಷನ್ನನ್ನು ಕರೆದದ್ದು ಯಾವುದು, ಆ ಕರೆದದ್ದನ್ನು ಕರೆದದ್ದು ಯಾವುದು ಎಂದು ಒಂದರ ಕೆಳಗೊಂದು ತೋರಿಸುವ ಸಾಲು ಅದು. ಕಂಪ್ಯೂಟರಿನ ತಾರೀಖನ್ನು ನಿನ್ನೆಗೆ ತಿರುಗಿಸಿ ಸುಳ್ಳು ಆರ್ಡರೊಂದನ್ನು ಹಾಕಿದಳು. ಅದೂ ಕ್ಯಾನ್ಸಲ್ ಆಯಿತು. ಪರದೆಯಲ್ಲಿ ಅವಳ ಫಂಕ್ಷನ್ನಿನ ಕೆಳಗೇ, ಅದನ್ನು ಕರೆದದ್ದರ ಹೆಸರು ಬಂತು: ‘ಅಮಾವಾಸ್ಯೆ’.

ನಿನ್ನೆ ಅಮಾವಾಸ್ಯೆ. ಅಂದು ಫಕೀರಸಾಬರ ಕಲ್ಲು ಸಾಗಿಸುವ ಲಾರಿಗಳು ಹೊರಡುವುದಿಲ್ಲ. ಡ್ರೈವರುಗಳು ಪೂಜೆ ಮಾಡಿ, ಕಾಯಿ ಒಡೆದು ನಿಲ್ಲಿಸುತ್ತಾರೆ. ಆರ್ಡರನ್ನು ಮರುದಿನಕ್ಕೆ ದೂಡಿದ್ದರೆ ಮುಗಿಯುತ್ತಿತ್ತು. ಈ ‘ಅಮಾವಾಸ್ಯೆ’ ಫಂಕ್ಷನ್ ಬರೆದ ಮಹಾಶಯ ದೂಡುವ ಬದಲು ಅವಳ ರದ್ದು ಮಾಡುವ ಫಂಕ್ಷನ್ನನ್ನೇ ಕರೆದಿದ್ದ. ಮಹಾಶಯ ಯಾರೆಂದರೆ ಪಕ್ಕದ ಕುರ್ಚಿಯ ಶಾಂತಕುಮಾರ, ಕಲ್ಯಾಣಪ್ಪನವರ ತಂಗಿಯ ಮಗ. ಬೆಳಗಿನಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ.

ಮಹೆವಿಶ ಕಲ್ಯಾಣಪ್ಪನವರನ್ನು ಕರೆದು ಪರದೆ ತೋರಿಸಿದಳು. ಅವರು ನೋಡಿ, ಹುಡುಗ ಒಂದು ಕಡೆ ತಪ್ಪಿದ್ದಾನೆ, ಸರಿಮಾಡು, ದೊಡ್ಡದು ಮಾಡಬೇಡ ಎಂದರು. ಅವಳ ತಪ್ಪೆಂದಾಗ ಊರಿಗೆಲ್ಲ ಡಂಗುರ, ಅಳಿಯನದೆಂದಾಗ ಗಪ್‌ಚುಪ್. ಅವಳಿಗೆ ಸಿಟ್ಟು ನೆತ್ತಿಗೇರಿತು.

ಆಗ ಶಾಂತಕುಮಾರ ತಲೆ ಎತ್ತದೆ ಹೇಳಿದ: “ಮಾವ, ಅಮಾಸಿ ದಿನದ ಆರ್ಡರ್ ಕ್ಯಾನ್ಸಲ್ ಮಾಡಿಬಿಡು ಅಂತ ನೀವ ಹೇಳಿದ್ರಿ. ಮುಂದ ಹಾಕ್ಲೇನು ಅಂತ ನಾ ಕೇಳಿದ್ದೆ.”

ಆಫೀಸಿನಲ್ಲಿ ಯಾರೂ ಕೆಲಸ ಮಾಡುತ್ತಿರಲಿಲ್ಲ. ಮಹೆವಿಶ ಮೇಜಿನ ಮೇಲಿದ್ದ ಫೋನನ್ನು ಕಲ್ಯಾಣಪ್ಪನವರ ಕಡೆ ಸರಿಸಿದಳು.

“ಫಕೀರಸಾಬ್ರಿಗೆ ಹಚ್ಚರಿ ಸರ್. ಸ್ಪೀಕರ್ ಇಡ್ರಿ. ನನ್ನ ಹೆಸರು ಎಲ್ಲಾರ ಮುಂದ ಹೇಳೀರಿ, ಇದೂ ಎಲ್ಲಾರ ಮುಂದ ಆಗ್ಲಿ.”

ಬೇರೆ ದಾರಿಯಿರಲಿಲ್ಲ, ಕಲ್ಯಾಣಪ್ಪನವರು ಫೋನ್ ಹಚ್ಚಿದರು. ಸಾಫ್ಟ್‌ವೇರಿನ ಗಡಿಬಿಡಿ, ಹಾಗೆ ಹೀಗೆ ಎಂದು ಸುತ್ತಿಬಳಸಿ, ಕೊನೆಗೆ ಆ ಹುಡುಗಿಯದೇನೂ ತಪ್ಪಿಲ್ಲ ಎಂದರು.

“ಮತ್ತ ಯಾರದರಿ, ಕಲ್ಯಾಣಪ್ಪನೋರ?” ಎಂದರು ಆ ಕಡೆಯಿಂದ ಫಕೀರಸಾಬರು.

ಕಲ್ಯಾಣಪ್ಪನವರು ಅಳಿಯನನ್ನು ನೋಡಿದರು, ಮಹೆವಿಶಳನ್ನು ನೋಡಿದರು. ಅವಳು ಕಣ್ಣು ಕದಲಿಸಲಿಲ್ಲ.

“ನಂದರಿ,” ಎಂದು ಗೊಣಗಿದರು.

“ಜೋರ ಹೇಳ್ರಿ ಸರ್,” ಎಂದಳು ಮಹೆವಿಶ.